ಕರಾಚಿಯಿಂದ ಮುಂಬಯಿಗೆ ಎಷ್ಟು ಹೊತ್ತು?



ಇತಿಹಾಸವೆಂದರೆ ರಾಜರ ವಂಶಾವಳಿ, ಯುದ್ಧಗಳು, ಒಪ್ಪಂದಗಳು ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ಒಂದೂರಿನಲ್ಲಿ ಬರೆದ ಕಾಗದ ಇನ್ನೊಂದೂರಿಗೆ ಎಷ್ಟು ಹೊತ್ತಿನಲ್ಲಿ ತಲುಪುತ್ತಿತ್ತು ಎಂಬುದೂ ಇತಿಹಾಸವೇ. ಎರಡು ಊರುಗಳ ನಡುವಿನ ಅಂತರ ಬದಲಾಗುವುದಿಲ್ಲ. ಆ ಅಂತರವನ್ನು ಕ್ರಮಿಸುವ ಕಾಲ ಮಾತ್ರ ಬದಲಾಗುತ್ತಾ ಹೋಗುತ್ತದೆ. ಅದು ಏಕೆ ಬದಲಾಯಿತು, ಯಾರು ಬದಲಿಸಿದರು ಎಂದು ಕೇಳುತ್ತಾ ಹೋದರೆ ಒಂದು ಇಡೀ ಕಾಲದ ಚಿತ್ರ ನಿಮ್ಮೆದುರು ತೆರೆದುಕೊಳ್ಳುತ್ತದೆ. ಇದಕ್ಕೆ ಉದಾಹರಣೆಯಾಗಿ ಇಂದು ಎರಡು ನಗರಗಳನ್ನು ತೆಗೆದುಕೊಳ್ಳೋಣ. ಒಂದು ಕರಾಚಿ, ಇನ್ನೊಂದು ಮುಂಬಯಿ.

ಮೊದಲು ಅಂತರ

ನಿಮ್ಮ ಭೂಪಟ ಪುಸ್ತಕವನ್ನು ತೆರೆಯಿರಿ. ಕರಾಚಿ ವಿಮಾನ ನಿಲ್ದಾಣ ಸುಮಾರು 24.9 ಡಿಗ್ರಿ ಉತ್ತರ ಅಕ್ಷಾಂಶ, 67.2 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಮುಂಬಯಿ ನಿಲ್ದಾಣ ಸುಮಾರು 19.1 ಡಿಗ್ರಿ ಉತ್ತರ, 72.9 ಡಿಗ್ರಿ ಪೂರ್ವ. ಅಕ್ಷಾಂಶಗಳ ವ್ಯತ್ಯಾಸ 5.8 ಡಿಗ್ರಿ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್ ಆದ್ದರಿಂದ ಇದು 644 ಕಿ.ಮೀ. ಆಯಿತು. ರೇಖಾಂಶಗಳ ವ್ಯತ್ಯಾಸ 5.7 ಡಿಗ್ರಿ. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಹತ್ತಿರ ಬರುತ್ತವೆ. ಈ ಭಾಗದಲ್ಲಿ ಅವುಗಳ ಒಂದು ಡಿಗ್ರಿಗೆ ಸುಮಾರು 103 ಕಿ.ಮೀ. ಮಾತ್ರ. ಅಂದರೆ 587 ಕಿ.ಮೀ. ಇವೆರಡನ್ನೂ ಲಂಬಕೋನ ತ್ರಿಭುಜದ ಎರಡು ಬಾಹುಗಳೆಂದು ಭಾವಿಸಿ ಕರ್ಣವನ್ನು ಕಂಡುಹಿಡಿಯಿರಿ. ಸುಮಾರು 870 ಕಿ.ಮೀ. ಬರುತ್ತದೆ. ಭೂಮಿ ದುಂಡಗಿರುವುದರಿಂದ ಬಹು ದೂರದ ಊರುಗಳಿಗೆ ಈ ಲೆಕ್ಕ ಸರಿಹೋಗದು. ಇಷ್ಟು ಹತ್ತಿರದ ಊರುಗಳಿಗೆ ಸಾಕು.

ಈಗ ಇದೇ ರೀತಿ ಬೆಂಗಳೂರಿನಿಂದ ಮುಂಬಯಿಗೆ ಲೆಕ್ಕ ಹಾಕಿ ನೋಡಿ. ಸುಮಾರು 830 ಕಿ.ಮೀ. ಬರುತ್ತದೆ. ಅಂದರೆ ಮುಂಬಯಿಗೆ ಬೆಂಗಳೂರು ಎಷ್ಟು ದೂರವೋ ಕರಾಚಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಒಂದೇ ಪ್ರಾಂತದ ಎರಡು ಬಂದರುಗಳು

ಸಿಂಧ್ ಪ್ರಾಂತವನ್ನು ಬ್ರಿಟಿಷರು 1843ರಲ್ಲಿ ಗೆದ್ದುಕೊಂಡರು. 1847ರಲ್ಲಿ ಅದನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1936ರವರೆಗೂ ಅದು ಹಾಗೆಯೇ ಇತ್ತು. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಅದೇ ಮುಂಬಯಿ ಪ್ರಾಂತದಲ್ಲಿದ್ದವೆಂಬುದನ್ನು ನೀವು ಬಲ್ಲಿರಿ. ಕರಾಚಿಯವರಿಗೂ ಧಾರವಾಡದವರಿಗೂ ಗವರ್ನರ್ ಒಬ್ಬನೇ. 1887ರಲ್ಲಿ ಆರಂಭವಾದ ಕರಾಚಿಯ ದಯಾರಾಮ್ ಜೇಠಮಲ್ ಸಿಂಧ್ ಕಾಲೇಜು, 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು ಎರಡೂ ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಅರಬ್ಬಿ ಸಮುದ್ರದ ತೀರದ ಸಿಂಧಿ ಹುಡುಗನೂ ಮಲೆನಾಡಿನ ಸೆರಗಿನ ಕನ್ನಡದ ಹುಡುಗನೂ ಒಂದೇ ವಿಶ್ವವಿದ್ಯಾನಿಲಯದ ಪದವಿಗಾಗಿ ಓದುತ್ತಿದ್ದರು.

ಆದರೂ ಕರಾಚಿಯಿಂದ ಮುಂಬಯಿಗೆ ಹೋಗುವುದು ಸುಲಭವಾಗಿರಲಿಲ್ಲ. ಹಬೆ ಹಡಗಿನಲ್ಲಿ ಸುಮಾರು ಎರಡು ದಿನ ಬೇಕಾಗುತ್ತಿತ್ತು. ರೈಲಿನಲ್ಲಿ ಹೋಗೋಣವೆಂದರೆ ನೇರ ದಾರಿಗೆ ಕಛ್‌ನ ರಣ ಅಡ್ಡ ಬರುತ್ತದೆ. ಉಪ್ಪಿನ ಆ ಜವುಗು ಬಯಲಿನಲ್ಲಿ ಹಳಿ ಹಾಕಲಾಗದೆ ರೈಲು ಮಾರ್ಗ ಸಿಂಧ್‌ನ ಹೈದರಾಬಾದಿಗೆ ಹೋಗಿ, ಥಾರ್ ಮರುಭೂಮಿಯನ್ನು ಹಾದು, ಮಾರವಾಡದ ಮೂಲಕ ಅಹಮದಾಬಾದಿಗೆ ಸುತ್ತಿಕೊಂಡು ಬರುತ್ತಿತ್ತು. ನಡುವೆ ಹಳಿಯ ಅಗಲ ಬೇರೆಯಾದ್ದರಿಂದ ಗಾಡಿ ಬದಲಿಸಬೇಕಿತ್ತು. ಪ್ರಯಾಣಿಕರು ಇಳಿದು ಹತ್ತಬೇಕು, ಅಂಚೆಯ ಚೀಲಗಳನ್ನೂ ಇಳಿಸಿ ಹತ್ತಿಸಬೇಕು.

ಲಂಡನ್ನಿನ ಅಂಚೆ ಕರಾಚಿಗೆ ಬಂದಾಗ

1920ರ ದಶಕದಲ್ಲಿ ಕರಾಚಿಯ ಮಹತ್ವ ಒಮ್ಮೆಗೇ ಏರಿತು. ಯೂರೋಪಿನಿಂದ ಪರ್ಷಿಯನ್ ಕೊಲ್ಲಿಯ ಮೂಲಕ ಬರುವ ವಿಮಾನಕ್ಕೆ ಭಾರತದ ಮೊದಲ ದೊಡ್ಡ ನಗರ ಅದೇ. ಮುಂದೆ ವಾಯುನೌಕೆಗಳ ಕಾಲ ಬರುತ್ತದೆಂದು ನಂಬಿದ್ದ ಬ್ರಿಟಿಷ್ ಸರ್ಕಾರ ಅಲ್ಲಿ ಅವುಗಳಿಗಾಗಿ ಭಾರಿ ಗಾತ್ರದ ಕೊಟ್ಟಿಗೆಯೊಂದನ್ನು ಕಟ್ಟಿಸಿತು. ಅದಕ್ಕೆ ಬರಬೇಕಿದ್ದ ಆರ್-101 ಎಂಬ ವಾಯುನೌಕೆ ಇಂಗ್ಲೆಂಡಿನಿಂದ ಹೊರಟ ಮೊದಲ ರಾತ್ರಿಯೇ, 1930ರ ಅಕ್ಟೋಬರ್ 5ರ ಬೆಳಗಿನ ಜಾವ, ಫ್ರಾನ್ಸಿನ ಬೋವೆ ಪಟ್ಟಣದ ಬಳಿ ನೆಲಕ್ಕಪ್ಪಳಿಸಿ ಉರಿದುಹೋಯಿತು. ಅದರಲ್ಲಿದ್ದ 54 ಜನರಲ್ಲಿ 48 ಜನ ಸತ್ತರು. ಕರಾಚಿಯ ಕೊಟ್ಟಿಗೆ ಬರಿದಾಗಿಯೇ ಉಳಿಯಿತು.

ಅಷ್ಟರಲ್ಲಿ ವಿಮಾನ ತನ್ನ ದಾರಿ ಹಿಡಿದಿತ್ತು. 1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಸಂಸ್ಥೆ ಲಂಡನ್ನಿನಿಂದ ಕರಾಚಿಗೆ ಅಂಚೆ ಸೇವೆ ಆರಂಭಿಸಿತು. ನಡುವೆ ಸ್ವಲ್ಪ ದೂರ ರೈಲು, ಮೆಡಿಟರೇನಿಯನ್ ಸಮುದ್ರದ ಮೇಲೆ ನೀರಿನಲ್ಲಿ ಇಳಿಯುವ ವಿಮಾನ, ಮುಂದೆ ಮರುಭೂಮಿಯ ಮೇಲೆ ಇನ್ನೊಂದು ವಿಮಾನ. ಹೀಗೆ ಏಳು ದಿನಗಳಲ್ಲಿ ಕಾಗದಗಳು ಕರಾಚಿ ಸೇರಿದವು. ಆದರೆ ಅಲ್ಲಿಂದ ಮುಂಬಯಿಗೆ, ಮದರಾಸಿಗೆ ಹೋಗಬೇಕಾದ ಕಾಗದಗಳು ಮತ್ತೆ ರೈಲನ್ನೇ ಹತ್ತಬೇಕಿತ್ತು. ಸಾವಿರಾರು ಮೈಲಿ ಹಾರಿಬಂದ ಅಂಚೆ ಕೊನೆಯ ಕೆಲವು ನೂರು ಮೈಲಿಗೆ ಕುಂಟುತ್ತಿತ್ತು.

ಈ ಕುಂಟುವಿಕೆಯನ್ನು ಗಮನಿಸಿದವರು ನೆವಿಲ್ ವಿನ್ಸೆಂಟ್ ಎಂಬ ಇಂಗ್ಲಿಷ್ ವಾಯುಪಡೆಯ ಮಾಜಿ ವಿಮಾನ ಚಾಲಕ. ಕರಾಚಿಯಿಂದ ದಕ್ಷಿಣಕ್ಕೆ ವಿಮಾನದಲ್ಲಿ ಅಂಚೆ ಒಯ್ಯುವ ಯೋಜನೆಯನ್ನು ಅವರು ಟಾಟಾ ಸಂಸ್ಥೆಯ ಮುಂದಿಟ್ಟರು. ಅದಕ್ಕೆ ಉತ್ಸಾಹದಿಂದ ಒತ್ತಾಸೆಯಾದವರು ತರುಣ ಜೆ.ಆರ್.ಡಿ. ಟಾಟಾ. 1929ರ ಫೆಬ್ರವರಿಯಲ್ಲಿ ಭಾರತದಲ್ಲಿ ನೀಡಿದ ಮೊದಲ ಸಂಖ್ಯೆಯ ವಿಮಾನ ಚಾಲನಾ ಪರವಾನಗಿ ಪಡೆದವರು ಅವರೇ. ಸರ್ಕಾರದ ಸಹಾಯಧನಕ್ಕಾಗಿ ಮಾತುಕತೆ ವರ್ಷಗಟ್ಟಲೆ ನಡೆಯಿತು. ಸಹಾಯಧನ ದೊರೆಯಲಿಲ್ಲ. ಸಾಗಿಸಿದ ಅಂಚೆಗೆ ತಕ್ಕ ಹಣ ಮಾತ್ರ ಕೊಡುವುದೆಂದು 1932ರಲ್ಲಿ ಒಪ್ಪಂದವಾಯಿತು.

1932ರ ಅಕ್ಟೋಬರ್ 15

ಆ ದಿನ ಬೆಳಿಗ್ಗೆ 6 ಗಂಟೆ 35 ನಿಮಿಷಕ್ಕೆ ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಪುಸ್ ಮಾತ್ ಎಂಬ ಸಣ್ಣ ವಿಮಾನ ಮೇಲೇರಿತು. ಅದಕ್ಕೆ ಒಂದೇ ಎಂಜಿನ್. ಚಾಲಕರ ಸ್ಥಾನದಲ್ಲಿದ್ದವರು 28 ವರ್ಷದ ಜೆ.ಆರ್.ಡಿ. ಟಾಟಾ. ಜೊತೆಗಿದ್ದದ್ದು ಅಂಚೆಯ ಚೀಲಗಳು ಮಾತ್ರ. ರೇಡಿಯೋ ಇರಲಿಲ್ಲ. ದಿಕ್ಸೂಚಿ, ನಕ್ಷೆ, ಕೆಳಗೆ ಕಾಣುವ ನೆಲ ಇವೇ ದಾರಿ ತೋರಿಸಬೇಕಿತ್ತು.

ಕರಾಚಿಯಿಂದ ಮುಂಬಯಿಗೆ ಎಳೆದ ನೇರ ಗೆರೆ ಕಛ್ ಮತ್ತು ಸೌರಾಷ್ಟ್ರಗಳನ್ನು ಹಾದು ಕೊನೆಗೆ ಸಮುದ್ರದ ಮೇಲೆ ಹೋಗುತ್ತದೆ. ಟಾಟಾ ಅವರು ಆ ಗೆರೆಯನ್ನು ಹಿಡಿಯಲಿಲ್ಲ, ಅಹಮದಾಬಾದಿಗೆ ಹೋದರು. ಅಲ್ಲಿ ಬರ್ಮಾ ಷೆಲ್ ಕಂಪನಿಯವರು ಡಬ್ಬಿಗಳಲ್ಲಿ ಪೆಟ್ರೋಲನ್ನು ಎತ್ತಿನ ಗಾಡಿಯ ಮೇಲೆ ಹೇರಿಕೊಂಡು ತಂದರು. ವಿಮಾನಕ್ಕೆ ಇಂಧನ ಒದಗಿಸಿದ್ದು ಎತ್ತಿನ ಗಾಡಿ! ಹಳೆಯ ಕಾಲ, ಹೊಸ ಕಾಲಗಳು ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆಂದು ಪಠ್ಯಪುಸ್ತಕಗಳನ್ನು ಓದಿ ನಮಗೆ ಅನ್ನಿಸುವುದುಂಟು. ಅಂದು ಅಹಮದಾಬಾದಿನ ಬಯಲಿನಲ್ಲಿ ಅವು ಅಕ್ಕಪಕ್ಕದಲ್ಲಿಯೇ ನಿಂತಿದ್ದವು.

ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ವಿಮಾನ ಮುಂಬಯಿಯ ಜುಹೂ ಮೈದಾನದಲ್ಲಿ ಇಳಿಯಿತು. ಒಟ್ಟು ಹಿಡಿದ ಕಾಲ 7 ಗಂಟೆ 15 ನಿಮಿಷ. ಈ ಲೆಕ್ಕವನ್ನು ನೀವೇ ಪರೀಕ್ಷಿಸಬಹುದು. ಕರಾಚಿಯಿಂದ ಅಹಮದಾಬಾದಿಗೆ ಸುಮಾರು 600 ಕಿ.ಮೀ., ಅಲ್ಲಿಂದ ಜುಹೂಗೆ ಸುಮಾರು 440 ಕಿ.ಮೀ., ಒಟ್ಟು 1,040 ಕಿ.ಮೀ. ಆ ವಿಮಾನದ ವೇಗ ಗಂಟೆಗೆ ಸುಮಾರು 160 ಕಿ.ಮೀ. ಭಾಗಿಸಿದರೆ ಆರೂವರೆ ಗಂಟೆ. ಉಳಿದ ಮುಕ್ಕಾಲು ಗಂಟೆ ಅಹಮದಾಬಾದಿನಲ್ಲಿ ನಿಂತದ್ದಕ್ಕೆಂದು ಹಿಡಿದರೆ ಲೆಕ್ಕ ಸರಿಹೋಗುತ್ತದೆ.

ಜುಹೂವಿನಿಂದ ಮುಂದೆ ಅಂಚೆಯನ್ನು ಒಯ್ದವರು ನೆವಿಲ್ ವಿನ್ಸೆಂಟ್. ಅವರ ದಾರಿ ನಮ್ಮ ಬಳ್ಳಾರಿಯ ಮೂಲಕ. ಅಲ್ಲಿ ರಾತ್ರಿ ತಂಗಿ ಮರುದಿನ ಮದರಾಸು ಸೇರಿದರು. ಬಳ್ಳಾರಿ ಆಗ ಮದರಾಸು ಪ್ರಾಂತದ ಜಿಲ್ಲೆ. ನಕ್ಷೆಯನ್ನು ನೋಡಿದರೆ ಮುಂಬಯಿಗೂ ಮದರಾಸಿಗೂ ನಡುವೆ, ಹೆಚ್ಚುಕಡಿಮೆ ನೇರ ದಾರಿಯಲ್ಲಿಯೇ ಅದು ಇರುವುದು ನಿಮಗೆ ಕಾಣುತ್ತದೆ. ಟಾಟಾ ಸಂಸ್ಥೆಯ ವಿಮಾನ ಸಾರಿಗೆಯ ಆರಂಭದ ದಿನವೇ ಕನ್ನಡ ನಾಡಿನ ಒಂದು ಊರು ಅದರ ತಂಗುದಾಣವಾಗಿತ್ತೆಂಬುದು ಗಮನಿಸಬೇಕಾದ ಸಂಗತಿ.

ವಾರಕ್ಕೊಮ್ಮೆ ನಡೆಯುತ್ತಿದ್ದ ಈ ಸೇವೆಗೆ ಸೌಕರ್ಯಗಳು ತೀರ ಕಡಿಮೆ. ಜುಹೂ ಸಮುದ್ರತೀರದ ತಗ್ಗು ಬಯಲಾದ್ದರಿಂದ ಮಳೆಗಾಲದಲ್ಲಿ ನೀರು ನಿಂತುಬಿಡುತ್ತಿತ್ತು. ಆಗ ಪುಣೆಯಿಂದ ಕೆಲಸ ನಡೆಸಬೇಕಾಗುತ್ತಿತ್ತು. ಆದರೂ ಸೇವೆ ಸಮಯಕ್ಕೆ ಸರಿಯಾಗಿ ನಡೆದು ಹೆಸರು ಪಡೆಯಿತು. 1938ರ ಹೊತ್ತಿಗೆ ಮಾರ್ಗ ಕೊಲಂಬೊವರೆಗೆ ಬೆಳೆದಿತ್ತು. ಯೋಜನೆಯನ್ನು ಮೊದಲು ಕಂಡ ವಿನ್ಸೆಂಟ್ ಅವರು 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ವಿಮಾನ ಪ್ರಯಾಣದಲ್ಲಿಯೇ ಅಸುನೀಗಿದರು. 1946ರಲ್ಲಿ ಟಾಟಾ ಏರ್‌ಲೈನ್ಸ್ ಏರ್ ಇಂಡಿಯಾ ಎಂಬ ಹೆಸರು ತಳೆಯಿತು.

ಗೆರೆ ಬಿದ್ದ ಮೇಲೆ

1947ರ ಆಗಸ್ಟ್‌ನಲ್ಲಿ ದೇಶ ವಿಭಜನೆಯಾಯಿತು. ಕರಾಚಿ ಪಾಕಿಸ್ತಾನದ ರಾಜಧಾನಿಯಾಯಿತು. ಆ ವರ್ಷದ ಕೊನೆಯಿಂದ 1948ರ ಆರಂಭದವರೆಗೆ ಸಾವಿರ ಸಾವಿರ ಸಿಂಧಿ ಹಿಂದೂ ಕುಟುಂಬಗಳು ಕರಾಚಿ ಬಂದರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಬಂದಿಳಿದವು. ಅವರಲ್ಲಿ ಅನೇಕರಿಗೆ ಕಲ್ಯಾಣದ ಬಳಿಯ ಸೈನಿಕ ಶಿಬಿರಗಳಲ್ಲಿ ನೆಲೆ ದೊರೆಯಿತು. 1949ರಲ್ಲಿ ಆ ನೆಲೆಗೆ ಉಲ್ಲಾಸನಗರ ಎಂಬ ಹೆಸರು ಬಂತು. ಭಾರತದಿಂದ ಕರಾಚಿಗೆ ಹೋದ ಮುಸ್ಲಿಂ ಕುಟುಂಬಗಳೂ ಲಕ್ಷಗಟ್ಟಲೆ. ಎರಡು ದಿನಗಳ ಆ ಸಮುದ್ರ ಪ್ರಯಾಣ ಬಹಳ ಮಂದಿಗೆ ಮರಳಿ ಹೋಗಲಾಗದ ಪ್ರಯಾಣವಾಯಿತು. ದೂರ 870 ಕಿಲೋಮೀಟರೇ ಇತ್ತು.

1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಮುಂಬಯಿಯಿಂದ ಲಂಡನ್ನಿಗೆ ಸೇವೆ ಆರಂಭಿಸಿತು. 'ಮಲಬಾರ್ ಪ್ರಿನ್ಸೆಸ್' ಎಂಬ ಆ ವಿಮಾನ ನಿಂತದ್ದು ಕೈರೋ ಮತ್ತು ಜಿನೀವಾಗಳಲ್ಲಿ. ಕರಾಚಿ ಆ ಪಟ್ಟಿಯಲ್ಲಿ ಇರಲಿಲ್ಲ. ಹತ್ತೊಂಬತ್ತು ವರ್ಷಗಳ ಹಿಂದೆ ಭಾರತದ ಆಕಾಶದ ಹೆಬ್ಬಾಗಿಲಾಗಿದ್ದ ಊರನ್ನು ಬಿಟ್ಟು ಹೊಸ ದಾರಿ ಮುಂಬಯಿಯಿಂದಲೇ ನೇರವಾಗಿ ಹೊರಟಿತು.

ಹಾಗೆಂದು ಕರಾಚಿ, ಮುಂಬಯಿಗಳ ನಡುವೆ ಹಾರಾಟ ಶಾಶ್ವತವಾಗಿ ನಿಂತುಹೋಯಿತೆಂದು ತಿಳಿಯಬೇಡಿ. ಅದು ನಡೆಯುತ್ತಿತ್ತು, ಜಗಳ ಬಂದಾಗ ನಿಲ್ಲುತ್ತಿತ್ತು, ಮತ್ತೆ ಆರಂಭವಾಗುತ್ತಿತ್ತು. ಜೆಟ್ ವಿಮಾನಗಳು ಬಂದ ಮೇಲೆ ಈ ದೂರ ಸುಮಾರು ಒಂದೂವರೆ ಗಂಟೆಯ ಪ್ರಯಾಣವಾಯಿತು. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಪಾಕಿಸ್ತಾನದ ಗಡಿಯಾರ 1951ರಿಂದ ನಮ್ಮ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ ಇದೆ. ಆದ್ದರಿಂದ ಕರಾಚಿಯಿಂದ ಬೆಳಿಗ್ಗೆ 10ಕ್ಕೆ ಹೊರಟ ವಿಮಾನ ಮುಂಬಯಿಗೆ 12ಕ್ಕೆ ಬಂತೆಂದರೆ ಅದು ಹಾರಿದ್ದು ಎರಡು ಗಂಟೆಯಲ್ಲ, ಒಂದೂವರೆ ಗಂಟೆ. ಬೇರೆ ಬೇರೆ ದೇಶಗಳ ವೇಳಾಪಟ್ಟಿಗಳನ್ನು ಓದುವಾಗ ಈ ವ್ಯತ್ಯಾಸವನ್ನು ಕಳೆದೇ ಲೆಕ್ಕ ಮಾಡಬೇಕು.

ಆಕಾಶಕ್ಕೂ ಬೀಗ

ಆಕಾಶದಲ್ಲಿ ಗೋಡೆಯಿಲ್ಲ ಎನ್ನುತ್ತೇವೆ. ಆದರೆ ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ವಾಯುಪ್ರದೇಶದ ಮೇಲೆ ಪೂರ್ಣ ಅಧಿಕಾರವಿದೆ. 1944ರಲ್ಲಿ ಶಿಕಾಗೋದಲ್ಲಿ ಆದ ಅಂತಾರಾಷ್ಟ್ರೀಯ ಒಡಂಬಡಿಕೆ ಈ ತತ್ತ್ವವನ್ನು ಒಪ್ಪಿಕೊಂಡಿದೆ. ಈ ಅಧಿಕಾರ ಹಾರಾಟದ ಸಮಯವನ್ನು ಹೇಗೆ ಬದಲಿಸುತ್ತದೆಂಬುದಕ್ಕೆ 1971 ಒಳ್ಳೆಯ ಉದಾಹರಣೆ.

ಆ ವರ್ಷದ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ 'ಗಂಗಾ' ಎಂಬ ವಿಮಾನವನ್ನು ಇಬ್ಬರು ಅಪಹರಿಸಿ ಲಾಹೋರಿಗೆ ಒಯ್ದರು. ಪ್ರಯಾಣಿಕರನ್ನು ಬಿಟ್ಟ ಮೇಲೆ ವಿಮಾನವನ್ನು ಸುಟ್ಟುಹಾಕಲಾಯಿತು. ಫೆಬ್ರವರಿ 4ರಂದು ಭಾರತ ತನ್ನ ನೆಲದ ಮೇಲೆ ಪಾಕಿಸ್ತಾನದ ವಿಮಾನಗಳು ಹಾರದಂತೆ ನಿಷೇಧಿಸಿತು. ಆಗ ಪಾಕಿಸ್ತಾನಕ್ಕೆ ಎರಡು ಭಾಗಗಳು, ನಡುವೆ ಭಾರತ. ಕರಾಚಿಯಿಂದ ಢಾಕಾಗೆ ನೇರವಾಗಿ ಸುಮಾರು 2,360 ಕಿ.ಮೀ. ನಿಷೇಧದ ನಂತರ ಶ್ರೀಲಂಕೆಯನ್ನು ಬಳಸಿ ಹೋಗಬೇಕಾಗಿ ಬಂದು ದೂರ ಸುಮಾರು ಎರಡು ಪಟ್ಟಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಬಾಂಗ್ಲಾದೇಶ ಉದಯಿಸಿತು. ಭಾರತ, ಪಾಕಿಸ್ತಾನಗಳ ನಡುವೆ ವಿಮಾನ ಸಂಚಾರ ಮತ್ತೆ ತೆರೆದದ್ದು 1976ರಲ್ಲಿ.

ಸಂಸತ್ ಭವನದ ಮೇಲಿನ ದಾಳಿಯ ನಂತರ 2002ರ ಜನವರಿಯಿಂದ 2003ರ ಕೊನೆಯವರೆಗೆ ಮತ್ತೆ ಆಕಾಶ ಮುಚ್ಚಿತು. 2019ರ ಫೆಬ್ರವರಿಯ ಕೊನೆಯಿಂದ ಜುಲೈ 16ರವರೆಗೆ ಪಾಕಿಸ್ತಾನ ತನ್ನ ವಾಯುಪ್ರದೇಶದ ಬಹುಭಾಗವನ್ನು ಮುಚ್ಚಿತ್ತು. ದೆಹಲಿಯಿಂದ ಯೂರೋಪಿಗೆ ಹೋಗುವ ವಿಮಾನಗಳು ಸುತ್ತು ಹಾಕಿ ಹೋಗಬೇಕಾಯಿತು. ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಹತ್ಯೆಯಾದ ನಂತರ, 2025ರ ಏಪ್ರಿಲ್ 24ರಂದು ಪಾಕಿಸ್ತಾನವೂ ಏಪ್ರಿಲ್ 30ರಂದು ಭಾರತವೂ ಪರಸ್ಪರರ ವಿಮಾನಗಳಿಗೆ ಆಕಾಶವನ್ನು ಮುಚ್ಚಿದವು. ಪಾಕಿಸ್ತಾನದ ವಿಮಾನ ಸಂಸ್ಥೆ ನಡೆಸುತ್ತಿದ್ದ ಕರಾಚಿ–ಮುಂಬಯಿ ನೇರ ಹಾರಾಟ ಅದಕ್ಕೂ ಮೊದಲೇ, 2017ರಲ್ಲಿ, ನಿಂತುಹೋಗಿತ್ತು. 1965ರ ಯುದ್ಧದಲ್ಲಿ ಕಡಿದುಹೋಗಿದ್ದ ಥಾರ್ ಮರುಭೂಮಿಯ ರೈಲು ದಾರಿಯಲ್ಲಿ 2006ರಲ್ಲಿ ಮತ್ತೆ ಆರಂಭವಾದ ಥಾರ್ ಎಕ್ಸ್‌ಪ್ರೆಸ್ ಕೂಡ 2019ರ ಆಗಸ್ಟ್‌ನಲ್ಲಿ ನಿಂತಿತು.

ನೇರ ವಿಮಾನವಿಲ್ಲದಾಗ ಕರಾಚಿಯಿಂದ ಮುಂಬಯಿಗೆ ಬರಬೇಕಾದವರು ಸಾಮಾನ್ಯವಾಗಿ ಹಿಡಿಯುವ ದಾರಿ ದುಬೈ ಮೂಲಕ. ಲೆಕ್ಕ ಹಾಕಿ. ಕರಾಚಿಯಿಂದ ದುಬೈಗೆ ಪಶ್ಚಿಮಕ್ಕೆ ಸುಮಾರು 1,190 ಕಿ.ಮೀ.; ದುಬೈಯಿಂದ ಮುಂಬಯಿಗೆ ಮತ್ತೆ ಪೂರ್ವಕ್ಕೆ ಸುಮಾರು 1,930 ಕಿ.ಮೀ. ಒಟ್ಟು 3,120 ಕಿ.ಮೀ. ಅಂದರೆ ನೇರ ದೂರದ ಮೂರೂವರೆ ಪಟ್ಟು. ಹಾರಾಟವೇ ಸುಮಾರು ಐದು ಗಂಟೆ. ದುಬೈಯಲ್ಲಿ ಎರಡು ಮೂರು ಗಂಟೆ ಕಾದರೆ ಒಟ್ಟು ಏಳೆಂಟು ಗಂಟೆ. ಗಂಟೆಗೆ 800 ಕಿ.ಮೀ. ಮೀರಿ ಹಾರುವ ಜೆಟ್ ವಿಮಾನದಲ್ಲಿ ಕುಳಿತವರು, ಎತ್ತಿನ ಗಾಡಿಯ ಪೆಟ್ರೋಲು ತುಂಬಿಸಿಕೊಂಡ 1932ರ ಪುಸ್ ಮಾತ್‌ಗಿಂತ ಬೇಗ ತಲುಪುವುದಿಲ್ಲ!

ಎರಡು ಮರುಹಾರಾಟಗಳು

ಮೊದಲ ಹಾರಾಟದ ಐವತ್ತನೆಯ ವರ್ಷದಂದು, 1982ರ ಅಕ್ಟೋಬರ್ 15ರಂದು, 78 ವರ್ಷದ ಜೆ.ಆರ್.ಡಿ. ಟಾಟಾ ಅವರು ಲೆಪರ್ಡ್ ಮಾತ್ ಎಂಬ ಹಳೆಯ ಸಣ್ಣ ವಿಮಾನದಲ್ಲಿ ಒಬ್ಬರೇ ಮತ್ತೊಮ್ಮೆ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಹಾರಿ ಬಂದರು. ಮೂರು ಯುದ್ಧಗಳು ನಡೆದುಹೋಗಿದ್ದರೂ ಆ ದಿನ ದಾರಿ ತೆರೆದಿತ್ತು.

2021ರ ಅಕ್ಟೋಬರ್ 15ರಂದು ಆರೋಹಿ ಪಂಡಿತ್ ಎಂಬ ತರುಣಿ ಸಣ್ಣ ಹಗುರ ವಿಮಾನದಲ್ಲಿ ಅದೇ ಹಾರಾಟದ ನೆನಪಿಗಾಗಿ ಅಹಮದಾಬಾದಿನ ಮೂಲಕ ಜುಹೂಗೆ ಬಂದಿಳಿದರು. ಆಕೆ ಹೊರಟದ್ದು ಕರಾಚಿಯಿಂದಲ್ಲ, ಕಛ್‌ನ ಭುಜ್‌ನಿಂದ. ಒಂದೇ ಹಾರಾಟದ ಈ ಎರಡು ಸ್ಮರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಭಾರತ, ಪಾಕಿಸ್ತಾನಗಳ ಸಂಬಂಧದ ಬಗ್ಗೆ ಅವು ಹೇಳುವುದು ಸಣ್ಣ ಸಂಗತಿಯಲ್ಲ.

ವಿದ್ಯಾರ್ಥಿಗಳೇ, ಎರಡು ಊರುಗಳ ನಡುವಿನ ಪ್ರಯಾಣದ ಕಾಲ ಯಂತ್ರದ ವೇಗವೊಂದರಿಂದಲೇ ನಿರ್ಧಾರವಾಗುವುದಿಲ್ಲ. ನೆಲದ ಗುಣ, ಇಂಧನ, ಅದಕ್ಕೆ ಯಾರು ಹಣ ಹಾಕುತ್ತಾರೆ ಎಂಬುದು, ಕೊನೆಗೆ ಎರಡು ಕಡೆಯ ಜನರ ಹಾಗೂ ಸರ್ಕಾರಗಳ ನಡುವಿನ ವಿಶ್ವಾಸ, ಇವೆಲ್ಲವೂ ಆ ಕಾಲದಲ್ಲಿ ಸೇರಿವೆ. ಮುಂಬಯಿಯಲ್ಲಿ ಕೆಲಸ ಮಾಡುವ ಮಗ ಬೆಂಗಳೂರಿನಲ್ಲಿರುವ ತಾಯಿಯನ್ನು ನೋಡಲು ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಲ್ಲ. ಅಷ್ಟೇ ದೂರದ ಕರಾಚಿಯಲ್ಲಿ ಅಕ್ಕನನ್ನೋ ಚಿಕ್ಕಪ್ಪನನ್ನೋ ಬಿಟ್ಟು ಬಂದ ಮನೆತನಗಳಿಗೆ ಅದು ಸಾಧ್ಯವಾಗಲಿಲ್ಲ. ವೀಸಾ ದೊರೆಯದ ವರ್ಷಗಳಲ್ಲಿ ಗಂಟೆಗಳ ಲೆಕ್ಕವೇ ಅವರಿಗೆ ಅರ್ಥಹೀನವಾಗುತ್ತಿತ್ತು.

ನೀವು ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಊರನ್ನೂ ನಿಮಗೆ ಪರಿಚಯವಿರುವ ಇನ್ನೊಂದು ಊರನ್ನೂ ಆರಿಸಿಕೊಳ್ಳಿ. ಭೂಪಟದಿಂದ ನೇರ ಅಂತರವನ್ನು ಲೆಕ್ಕ ಹಾಕಿ. ನಿಮ್ಮ ಅಜ್ಜ ಅಜ್ಜಿ, ತಂದೆ ತಾಯಿ ಆ ದಾರಿಯನ್ನು ಯಾವ ವರ್ಷ, ಯಾವ ವಾಹನದಲ್ಲಿ, ಎಷ್ಟು ಹೊತ್ತಿನಲ್ಲಿ ಕ್ರಮಿಸಿದರೆಂದು ಕೇಳಿ ಬರೆದುಕೊಳ್ಳಿ. ಸೇತುವೆ ಯಾವಾಗ ಬಂತು, ಬಸ್ಸು ಯಾವಾಗ ಬಂತು, ಯಾವಾಗ ಏಕೆ ನಿಂತಿತು ಎಂಬುದನ್ನೂ ಕೇಳಿ. ಆ ಒಂದು ಪುಟ ತುಂಬುವಷ್ಟರಲ್ಲಿ ನಿಮ್ಮ ಊರಿನ ಇತಿಹಾಸದ ಮೊದಲ ಅಧ್ಯಾಯ ನಿಮ್ಮ ಕೈಯಲ್ಲಿರುತ್ತದೆ.